ಧ್ಯಾನ್ ಚಂದ್

ಮೇಜರ್ ಧ್ಯಾನ್ ಚಂದ್ (29 ಆಗಸ್ಟ್ 1905 – 3 ಡಿಸೆಂಬರ್ 1979) ಭಾರತದ ಹಾಕಿ ಆಟಗಾರರು ಹಾಗೂ ಸೇನಾಧಿಕಾರಿ. 1928ರ ಆಮ್‌ಸ್ಟರ್‌ಡ್ಯಾಮ್, 1932ರ ಲಾಸ್ ಏಂಜಲೀಸ್ ಮತ್ತು 1936ರ ಬರ್ಲಿನ್ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಚಿನ್ನದ ಪದಕ ಪಡೆದ ಭಾರತ ತಂಡಗಳಲ್ಲಿ ಅವರು ಸೆಂಟರ್ ಫಾರ್ವರ್ಡ್ ಆಗಿ ಆಡಿದರು. ಬರ್ಲಿನ್‌ನಲ್ಲಿ ತಂಡದ ನಾಯಕರೂ ಅವರೇ ಆಗಿದ್ದರು. ಚೆಂಡಿನ ಮೇಲೆ ಅವರಿಗಿದ್ದ ಹಿಡಿತದಿಂದಾಗಿ ಹಾಕಿಯ ಮಾಂತ್ರಿಕ ಎಂಬ ಹೆಸರು ಅವರಿಗೆ ಬಂದಿತು. ಸಾಮಾನ್ಯ ಸಿಪಾಯಿಯಾಗಿ ಸೇನೆಗೆ ಸೇರಿದ ಅವರ ಆಟದ ಜೀವನವೆಲ್ಲ ಸೇನಾ ಸೇವೆಯ ನಡುವೆಯೇ ನಡೆಯಿತು. ಅವರ ಜನ್ಮದಿನವಾದ ಆಗಸ್ಟ್ 29ನ್ನು ಭಾರತದಲ್ಲಿ ರಾಷ್ಟ್ರೀಯ ಕ್ರೀಡಾ ದಿನವನ್ನಾಗಿ ಆಚರಿಸಲಾಗುತ್ತದೆ.

ಆರಂಭಿಕ ಜೀವನ

ಧ್ಯಾನ್ ಚಂದ್ ಅವರು ಅಲಹಾಬಾದಿನಲ್ಲಿ (ಇಂದಿನ ಪ್ರಯಾಗ್‌ರಾಜ್) ರಜಪೂತ ಕುಟುಂಬವೊಂದರಲ್ಲಿ ಜನಿಸಿದರು. ಅವರ ಮೂಲ ಹೆಸರು ಧ್ಯಾನ್ ಸಿಂಗ್. ತಂದೆ ಸಮೇಶ್ವರ ಸಿಂಗ್ ಬ್ರಿಟಿಷ್ ಭಾರತೀಯ ಸೇನೆಯಲ್ಲಿದ್ದರು ಮತ್ತು ಸ್ವತಃ ಹಾಕಿ ಆಡುತ್ತಿದ್ದರು. ಮೂಲ್ ಸಿಂಗ್ ಮತ್ತು ರೂಪ್ ಸಿಂಗ್ ಅವರ ಸಹೋದರರು. ತಂದೆಗೆ ಆಗಾಗ ಆಗುತ್ತಿದ್ದ ವರ್ಗಾವಣೆಯಿಂದಾಗಿ ಕುಟುಂಬ ಊರಿಂದೂರಿಗೆ ಹೋಗಬೇಕಾಯಿತು. ಹೀಗಾಗಿ ಧ್ಯಾನ್ ಚಂದ್ ಅವರ ಶಾಲಾ ಶಿಕ್ಷಣ ಆರು ವರ್ಷಗಳಿಗೇ ನಿಂತುಹೋಯಿತು. ಸರ್ಕಾರದಿಂದ ಮನೆ ಕಟ್ಟಿಕೊಳ್ಳಲು ಸ್ವಲ್ಪ ಜಾಗ ದೊರೆತ ಮೇಲೆ ಕುಟುಂಬವು ಝಾನ್ಸಿಯಲ್ಲಿ ನೆಲೆಸಿತು. ಮುಂದೆ ಝಾನ್ಸಿಯೇ ಅವರ ಊರಾಯಿತು.

ಬಾಲ್ಯದಲ್ಲಿ ಅವರಿಗೆ ಹಾಕಿಯ ಬಗ್ಗೆ ವಿಶೇಷ ಒಲವೇನೂ ಇರಲಿಲ್ಲ. ಕುಸ್ತಿ ಅವರ ಮೆಚ್ಚಿನ ಆಟವಾಗಿತ್ತು. ಮುಂದೆ ಜಗತ್ತಿನ ಶ್ರೇಷ್ಠ ಆಟಗಾರರಲ್ಲಿ ಒಬ್ಬರೆನಿಸಿದ ಅವರು ಹಾಕಿಯನ್ನು ಕ್ರಮವಾಗಿ ಕಲಿತದ್ದು ಸೇನೆಗೆ ಸೇರಿದ ನಂತರ.

ಸೇನಾ ಸೇವೆ ಮತ್ತು ಹಾಕಿಯ ಕಲಿಕೆ

ಇಂಗ್ಲೆಂಡಿನಲ್ಲಿ ರೂಪುಗೊಂಡ ಆಧುನಿಕ ಹಾಕಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರು ಭಾರತಕ್ಕೆ ತಂದರು. ಕಲ್ಕತ್ತೆಯಲ್ಲಿ 1895ರಲ್ಲಿ ಬೈಟನ್ ಕಪ್ ಪಂದ್ಯಾವಳಿ ಆರಂಭವಾಯಿತು. ದಂಡಿನ ಪ್ರದೇಶಗಳಲ್ಲಿ ಈ ಆಟ ಬೇಗನೆ ಬೇರೂರಿತು. ಒಂದು ಕೋಲು, ಒಂದು ಚೆಂಡು ಮತ್ತು ಸಮತಟ್ಟಾದ ನೆಲವಿದ್ದರೆ ಸಾಕಾಗುತ್ತಿದ್ದುದರಿಂದ ಸಿಪಾಯಿಗಳಿಗೂ ಅದು ಕೈಗೆಟುಕುವ ಆಟವಾಗಿತ್ತು. ರೆಜಿಮೆಂಟುಗಳ ನಡುವಿನ ಪೈಪೋಟಿಯೂ ಆಟದ ಮಟ್ಟವನ್ನು ಹೆಚ್ಚಿಸಿತು.

ಧ್ಯಾನ್ ಚಂದ್ ಅವರು 1922ರಲ್ಲಿ, ಹದಿಹರೆಯದಲ್ಲೇ, ದೆಹಲಿಯಲ್ಲಿ ಬ್ರಾಹ್ಮಣ ರೆಜಿಮೆಂಟಿಗೆ ಸಿಪಾಯಿಯಾಗಿ ಸೇರಿದರು. ನಂತರ ಅವರ ಸೇವೆ 14ನೆಯ ಪಂಜಾಬ್ ರೆಜಿಮೆಂಟಿನಲ್ಲಿ ಮುಂದುವರಿಯಿತು. ಹಾಕಿಯಲ್ಲಿ ಅವರಿಗೆ ಮೊದಲ ಪಾಠ ಹೇಳಿದವರು ಅದೇ ದಳದ ಸುಬೇದಾರ್ ಮೇಜರ್ ಬಾಲೆ ತಿವಾರಿ. ಸಿಪಾಯಿಗಳಿಗೆ ಹಗಲೆಲ್ಲ ಕೆಲಸವಿರುತ್ತಿದ್ದುದರಿಂದ ಧ್ಯಾನ್ ಸಿಂಗ್ ರಾತ್ರಿ ಬೆಳದಿಂಗಳಲ್ಲಿ ಅಭ್ಯಾಸ ಮಾಡುತ್ತಿದ್ದರು, ಆದ್ದರಿಂದ ಜೊತೆಗಾರರು ಅವರನ್ನು ಚಂದ್, ಅಂದರೆ ಚಂದ್ರ, ಎಂದು ಕರೆಯತೊಡಗಿದರು ಎಂಬುದು ಅವರ ಹೆಸರಿನ ಬಗೆಗಿನ ಪ್ರಚಲಿತ ವಿವರಣೆ.

1922ರಿಂದ 1926ರವರೆಗೆ ಅವರು ಸೇನೆಯ ಒಳಗಿನ ಪಂದ್ಯಗಳಲ್ಲಿ ಮಾತ್ರ ಆಡಿದರು. ಝೇಲಂನಲ್ಲಿ ನಡೆದ ಪಂಜಾಬ್ ಕಾಲಾಳು ಪಡೆಗಳ ಪಂದ್ಯಾವಳಿಯೊಂದರಲ್ಲಿ ಅವರ ತಂಡ ಎರಡು ಗೋಲುಗಳಿಂದ ಹಿಂದಿದ್ದು, ಪಂದ್ಯ ಮುಗಿಯಲು ನಾಲ್ಕೇ ನಿಮಿಷ ಉಳಿದಿತ್ತು. ಆ ಅವಧಿಯಲ್ಲಿ ಧ್ಯಾನ್ ಚಂದ್ ಮೂರು ಗೋಲು ಹೊಡೆದು ತಂಡವನ್ನು ಗೆಲ್ಲಿಸಿದರು. ಮಾಂತ್ರಿಕ ಎಂಬ ಬಿರುದಿನ ಮೂಲವನ್ನು ಈ ಪಂದ್ಯದಲ್ಲಿ ಗುರುತಿಸುವುದುಂಟು.

ನ್ಯೂಜಿಲೆಂಡ್ ಪ್ರವಾಸ

1926ರಲ್ಲಿ ಭಾರತೀಯ ಸೇನೆಯ ಹಾಕಿ ತಂಡವೊಂದನ್ನು ನ್ಯೂಜಿಲೆಂಡಿಗೆ ಕಳುಹಿಸಲಾಯಿತು. ಸಿಪಾಯಿ ಧ್ಯಾನ್ ಚಂದ್ ಅದಕ್ಕೆ ಆಯ್ಕೆಯಾದರು. ತಂಡವು ಅಲ್ಲಿ ಆಡಿದ 21 ಪಂದ್ಯಗಳಲ್ಲಿ 18ನ್ನು ಗೆದ್ದು, ಎರಡನ್ನು ಸಮ ಮಾಡಿಕೊಂಡು, ಒಂದರಲ್ಲಿ ಮಾತ್ರ ಸೋತಿತು. ಹಿಂದಿರುಗಿದ ಮೇಲೆ ಧ್ಯಾನ್ ಚಂದ್ ಅವರಿಗೆ ಲ್ಯಾನ್ಸ್ ನಾಯಕ್ ಹುದ್ದೆಗೆ ಬಡ್ತಿ ದೊರೆಯಿತು. ಭಾರತದ ಹಾಕಿ ಹೊರದೇಶಗಳಲ್ಲಿಯೂ ಸ್ಪರ್ಧಿಸಬಲ್ಲದು ಎಂಬ ವಿಶ್ವಾಸವನ್ನು ಈ ಪ್ರವಾಸ ಮೂಡಿಸಿತು.

ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್, 1928

1908 ಮತ್ತು 1920ರ ಒಲಿಂಪಿಕ್ ಕೂಟಗಳಲ್ಲಿದ್ದ ಹಾಕಿಯನ್ನು 1924ರಲ್ಲಿ ಕೈಬಿಡಲಾಗಿತ್ತು. 1928ರಲ್ಲಿ ಅದನ್ನು ಮತ್ತೆ ಸೇರಿಸಲಾಯಿತು. 1925ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಹಾಕಿ ಫೆಡರೇಷನ್ ಈ ಕೂಟಕ್ಕೆ ತಂಡ ಕಳುಹಿಸಲು ನಿರ್ಧರಿಸಿ, ಆಟಗಾರರ ಆಯ್ಕೆಗಾಗಿ ಕಲ್ಕತ್ತೆಯಲ್ಲಿ ಅಂತರ ಪ್ರಾಂತೀಯ ಪಂದ್ಯಾವಳಿಯನ್ನು ನಡೆಸಿತು. ಸಂಯುಕ್ತ ಪ್ರಾಂತ್ಯ, ಪಂಜಾಬ್, ಬಂಗಾಳ, ರಾಜಪುತಾನಾ ಮತ್ತು ಮಧ್ಯ ಪ್ರಾಂತ್ಯಗಳ ಐದು ತಂಡಗಳು ಅದರಲ್ಲಿ ಭಾಗವಹಿಸಿದವು. ಸೇನೆಯ ಅನುಮತಿ ಪಡೆದು ಧ್ಯಾನ್ ಚಂದ್ ಸಂಯುಕ್ತ ಪ್ರಾಂತ್ಯದ ಪರವಾಗಿ ಆಡಿದರು. ಆ ತಂಡವೇ ಪ್ರಶಸ್ತಿ ಗೆದ್ದಿತು. ಧ್ಯಾನ್ ಚಂದ್ ಒಲಿಂಪಿಕ್ ತಂಡಕ್ಕೆ ಆಯ್ಕೆಯಾದರು.

ಆಗ ಆಕ್ಸ್‌ಫರ್ಡ್‌ನಲ್ಲಿದ್ದ ಜೈಪಾಲ್ ಸಿಂಗ್ ಅವರನ್ನು ತಂಡದ ನಾಯಕರನ್ನಾಗಿ ನೇಮಿಸಲಾಯಿತು. ಹಣದ ಕೊರತೆಯಿಂದ ಇಬ್ಬರು ಆಟಗಾರರನ್ನು ಬಿಟ್ಟು ಹೊರಡಬೇಕಾದ ಸ್ಥಿತಿ ಎದುರಾಗಿದ್ದು, ಬಂಗಾಳದ ಹಾಕಿ ಆಸಕ್ತರ ನೆರವಿನಿಂದ ಅದು ಪರಿಹಾರವಾಯಿತು. 1928ರ ಮಾರ್ಚ್‌ನಲ್ಲಿ ಕೈಸರ್-ಇ-ಹಿಂದ್ ಹಡಗಿನಲ್ಲಿ ಬೊಂಬಾಯಿಯಿಂದ ಹೊರಟ ತಂಡವನ್ನು ಬೀಳ್ಕೊಡಲು ಬಂದಿದ್ದವರು ಮೂವರು ಮಾತ್ರ. ತಂಡವು ಇಂಗ್ಲೆಂಡಿನಲ್ಲಿ ಇಳಿದು ಫೋಕ್‌ಸ್ಟನ್ ಹಾಕಿ ಉತ್ಸವದಲ್ಲಿಯೂ ಇತರೆಡೆಗಳಲ್ಲಿಯೂ ಆಡಿತು.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಭಾರತವು ಆಸ್ಟ್ರಿಯಾವನ್ನು 6–0, ಬೆಲ್ಜಿಯಂ ಅನ್ನು 9–0, ಡೆನ್ಮಾರ್ಕನ್ನು 5–0 ಮತ್ತು ಸ್ವಿಟ್ಜರ್‌ಲೆಂಡನ್ನು 6–0 ಗೋಲುಗಳಿಂದ ಸೋಲಿಸಿತು. ಮೇ 26ರ ಅಂತಿಮ ಪಂದ್ಯದ ವೇಳೆಗೆ ಹಲವು ಆಟಗಾರರು ಅಸ್ವಸ್ಥರಾಗಿದ್ದರು. ಧ್ಯಾನ್ ಚಂದ್ ಅವರಿಗೂ ಜ್ವರವಿತ್ತು. ನಾಯಕ ಜೈಪಾಲ್ ಸಿಂಗ್ ಆ ಹೊತ್ತಿಗೆ ತಂಡವನ್ನು ಬಿಟ್ಟಿದ್ದರಿಂದ ಬ್ರೂಮ್ ಪಿನ್ನಿಗರ್ ನಾಯಕತ್ವ ವಹಿಸಿದರು. ಹೀಗಿದ್ದರೂ ಭಾರತವು ಆತಿಥೇಯ ನೆದರ್‌ಲೆಂಡ್ಸ್ ತಂಡವನ್ನು 3–0ರಿಂದ ಮಣಿಸಿ ತನ್ನ ಮೊದಲ ಒಲಿಂಪಿಕ್ ಹಾಕಿ ಚಿನ್ನವನ್ನು ಪಡೆಯಿತು. ಐದು ಪಂದ್ಯಗಳಲ್ಲಿ ತಂಡ ಹೊಡೆದ ಗೋಲುಗಳು 29. ಗೋಲ್‌ಕೀಪರ್ ರಿಚರ್ಡ್ ಅಲೆನ್ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಧ್ಯಾನ್ ಚಂದ್ 14 ಗೋಲುಗಳೊಂದಿಗೆ ಕೂಟದ ಅತಿಹೆಚ್ಚು ಗೋಲು ಹೊಡೆದ ಆಟಗಾರರಾದರು. ಮೂವರು ಬೀಳ್ಕೊಟ್ಟಿದ್ದ ತಂಡವನ್ನು ಬರಮಾಡಿಕೊಳ್ಳಲು ಬೊಂಬಾಯಿಯಲ್ಲಿ ದೊಡ್ಡ ಜನಸಮೂಹವೇ ಸೇರಿತ್ತು.

ಲಾಸ್ ಏಂಜಲೀಸ್ ಒಲಿಂಪಿಕ್ಸ್, 1932

ಒಲಿಂಪಿಕ್ ಗೆಲುವಿನ ನಂತರವೂ ಧ್ಯಾನ್ ಚಂದ್ ಅವರ ದಿನಚರಿ ಸಿಪಾಯಿಯದೇ ಆಗಿತ್ತು. ಅವರನ್ನು ವಾಯವ್ಯ ಗಡಿನಾಡಿನ ವಜೀರಿಸ್ತಾನಕ್ಕೆ ನಿಯೋಜಿಸಲಾಯಿತು. ಹೀಗಾಗಿ ಅವರಿಗೆ ದೇಶದ ಪ್ರಮುಖ ಪಂದ್ಯಾವಳಿಗಳ ಸಂಪರ್ಕ ತಪ್ಪಿಹೋಯಿತು. ಮುಂದಿನ ಒಲಿಂಪಿಕ್ ತಂಡದ ಆಯ್ಕೆಗೆಂದು ಅಂತರ ಪ್ರಾಂತೀಯ ಪಂದ್ಯಾವಳಿ ಏರ್ಪಟ್ಟಾಗ ಅದರಲ್ಲಿ ಭಾಗವಹಿಸಲು ಅವರಿಗೆ ರಜೆ ಸಿಗಲಿಲ್ಲ. ಫೆಡರೇಷನ್ ಅವರನ್ನು ಯಾವುದೇ ಪರೀಕ್ಷಾ ಪಂದ್ಯವಿಲ್ಲದೆ ನೇರವಾಗಿ ತಂಡಕ್ಕೆ ಆರಿಸಿತು. ಅವರ ತಮ್ಮ ರೂಪ್ ಸಿಂಗ್ ಅವರು ಆಯ್ಕೆ ಪಂದ್ಯಗಳಲ್ಲಿನ ಸಾಧನೆಯಿಂದ ಸ್ಥಾನ ಪಡೆದರು. ಲಾಲ್ ಷಾ ಬುಖಾರಿ ತಂಡದ ನಾಯಕರಾಗಿದ್ದರು.

ಜಗತ್ತು ಆರ್ಥಿಕ ಮುಗ್ಗಟ್ಟಿನಲ್ಲಿದ್ದ ಆ ವರ್ಷ ದೂರದ ಅಮೆರಿಕೆಗೆ ತಂಡ ಕಳುಹಿಸಲು ಹೆಚ್ಚಿನ ದೇಶಗಳಿಗೆ ಸಾಧ್ಯವಾಗಲಿಲ್ಲ. ಹಾಕಿಯಲ್ಲಿ ಭಾರತ, ಜಪಾನ್ ಮತ್ತು ಅಮೆರಿಕ ಎಂಬ ಮೂರೇ ತಂಡಗಳಿದ್ದವು. ಭಾರತ ತಂಡವು ಕೊಲಂಬೊ ಮಾರ್ಗವಾಗಿ ಪೆಸಿಫಿಕ್ ಸಾಗರ ದಾಟಿ ಹಲವು ವಾರಗಳ ಹಡಗು ಪ್ರಯಾಣದ ನಂತರ ಅಮೆರಿಕ ತಲುಪಿತು. ಆಗಸ್ಟ್ 4ರಂದು ಜಪಾನನ್ನು 11–1ರಿಂದಲೂ, ಆಗಸ್ಟ್ 11ರಂದು ಅಮೆರಿಕವನ್ನು 24–1ರಿಂದಲೂ ಸೋಲಿಸಿತು. ಅಮೆರಿಕದ ವಿರುದ್ಧ ರೂಪ್ ಸಿಂಗ್ ಹತ್ತು ಮತ್ತು ಧ್ಯಾನ್ ಚಂದ್ ಎಂಟು ಗೋಲು ಹೊಡೆದರು. ಎರಡೂ ಪಂದ್ಯಗಳಲ್ಲಿ ಭಾರತ ಗಳಿಸಿದ 35 ಗೋಲುಗಳಲ್ಲಿ 25 ಈ ಇಬ್ಬರು ಸಹೋದರರವು.

ಪ್ರಯಾಣದ ವೆಚ್ಚವನ್ನು ತುಂಬಿಕೊಳ್ಳಲು ತಂಡವು ಮರಳುವ ಹಾದಿಯಲ್ಲಿ ಯೂರೋಪಿನ ಹಲವು ದೇಶಗಳಲ್ಲಿ ಪ್ರದರ್ಶನ ಪಂದ್ಯಗಳನ್ನು ಆಡಿತು. ಬಿಡುವಿಲ್ಲದ ಪ್ರಯಾಣ ಆಟಗಾರರನ್ನು ದಣಿಸಿತಾದರೂ ಫಲಿತಾಂಶಗಳು ಬದಲಾಗಲಿಲ್ಲ. ಇಡೀ ಪ್ರವಾಸದಲ್ಲಿ ಆಡಿದ 37 ಪಂದ್ಯಗಳಲ್ಲಿ ಭಾರತ 34ನ್ನು ಗೆದ್ದಿತು, ಎರಡು ಸಮನಾದವು, ಒಂದು ಅರ್ಧಕ್ಕೆ ನಿಂತಿತು. ತಂಡದ 338 ಗೋಲುಗಳಲ್ಲಿ 133 ಧ್ಯಾನ್ ಚಂದ್ ಅವರದಾಗಿದ್ದವು.

ಝಾನ್ಸಿ ಹೀರೋಸ್ ಮತ್ತು 1935ರ ಪ್ರವಾಸ

ಧ್ಯಾನ್ ಚಂದ್ ಅವರು ತಮ್ಮ ಊರಿನ ಝಾನ್ಸಿ ಹೀರೋಸ್ ತಂಡದ ಪರವಾಗಿಯೂ ಆಡುತ್ತಿದ್ದರು. 1933ರಲ್ಲಿ ಈ ತಂಡವು ಬೈಟನ್ ಕಪ್‌ನ ಅಂತಿಮ ಪಂದ್ಯದಲ್ಲಿ ಪ್ರಬಲ ಕಲ್ಕತ್ತಾ ಕಸ್ಟಮ್ಸ್ ತಂಡವನ್ನು ಎದುರಿಸಿತು. ಪಂದ್ಯದ ಹೆಚ್ಚಿನ ಭಾಗದಲ್ಲಿ ಕಸ್ಟಮ್ಸ್ ತಂಡದ ಒತ್ತಡವೇ ಹೆಚ್ಚಾಗಿತ್ತು. ಕೊನೆಗೆ ಧ್ಯಾನ್ ಚಂದ್ ನಡುಮೈದಾನದಿಂದ ಮುಂದಕ್ಕೆ ಕಳುಹಿಸಿದ ಉದ್ದನೆಯ ಪಾಸನ್ನು ಬೆನ್ನಟ್ಟಿ ಹೋದ ಇಸ್ಮಾಯಿಲ್ ಪಂದ್ಯದ ಏಕೈಕ ಗೋಲನ್ನು ಹೊಡೆದರು. ಒಲಿಂಪಿಕ್ ಚಿನ್ನಗಳನ್ನು ಗೆದ್ದ ಧ್ಯಾನ್ ಚಂದ್ ತಮ್ಮ ಅತ್ಯುತ್ತಮ ಪಂದ್ಯವೆಂದು ಪರಿಗಣಿಸಿದ್ದು ಇದನ್ನು. ಆ ಪಂದ್ಯದಲ್ಲಿ ಅವರು ಸ್ವತಃ ಗೋಲು ಹೊಡೆದಿರಲಿಲ್ಲ.

1935ರಲ್ಲಿ ಭಾರತ ತಂಡ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಪ್ರವಾಸ ಕೈಗೊಂಡಿತು. ನಾಯಕತ್ವ ವಹಿಸಬೇಕಿದ್ದ ಮಾನಾವದರದ ನವಾಬರು ಹಿಂದೆ ಸರಿದಾಗ ಆ ಹೊಣೆ ಧ್ಯಾನ್ ಚಂದ್ ಅವರಿಗೆ ಬಂದಿತು. ಅರಸರು ಮತ್ತು ಹಿರಿಯ ಅಧಿಕಾರಿಗಳಿಗೆ ತಂಡಗಳ ನಾಯಕತ್ವ ದೊರೆಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಕೆಳದರ್ಜೆಯ ಸೈನಿಕರೊಬ್ಬರು ದೇಶದ ತಂಡವನ್ನು ಮುನ್ನಡೆಸಿದ್ದು ಗಮನಾರ್ಹ. ಈ ಪ್ರವಾಸದ 48 ಪಂದ್ಯಗಳಲ್ಲಿ ಭಾರತ 584 ಗೋಲುಗಳನ್ನು ಗಳಿಸಿತು. ಅವುಗಳಲ್ಲಿ 201 ನಾಯಕರವು.

ಬರ್ಲಿನ್ ಒಲಿಂಪಿಕ್ಸ್, 1936

ಬರ್ಲಿನ್ ಕೂಟದ ಆಯ್ಕೆ ಪಂದ್ಯಗಳಿಗೂ ಸೇನೆ ಧ್ಯಾನ್ ಚಂದ್ ಅವರನ್ನು ಬಿಡುಗಡೆ ಮಾಡಲಿಲ್ಲ. ಈ ಬಾರಿಯೂ ಅವರನ್ನು ನೇರವಾಗಿ ಆಯ್ಕೆ ಮಾಡಿ, ನಾಯಕರನ್ನಾಗಿ ನೇಮಿಸಲಾಯಿತು. ತಂಡದ ಆರಂಭ ಚೆನ್ನಾಗಿರಲಿಲ್ಲ. ದೆಹಲಿಯಲ್ಲಿ ಸ್ಥಳೀಯ ತಂಡವೊಂದು ಅಭ್ಯಾಸ ಪಂದ್ಯದಲ್ಲಿ ಒಲಿಂಪಿಕ್ ತಂಡವನ್ನು ಸೋಲಿಸಿತು. ಬರ್ಲಿನ್ ತಲುಪಿದ ಮೇಲೆ ಜುಲೈ 17ರಂದು ನಡೆದ ಅಭ್ಯಾಸ ಪಂದ್ಯದಲ್ಲಿ ಜರ್ಮನಿಯೂ ಭಾರತವನ್ನು 4–1ರಿಂದ ಮಣಿಸಿತು. ಬದುಕಿರುವವರೆಗೆ ಮರೆಯಲಾಗದ ಸೋಲೆಂದು ಧ್ಯಾನ್ ಚಂದ್ ಇದನ್ನು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮುಂಚೂಣಿಯ ದೌರ್ಬಲ್ಯವನ್ನು ಕಂಡ ತಂಡವು ಭಾರತದಿಂದ ಅಲಿ ಇಕ್ತಿದಾರ್ ಷಾ ದಾರಾ ಅವರನ್ನು ಕರೆಸಿಕೊಂಡಿತು. ಸೇನೆಯಲ್ಲಿದ್ದ ದಾರಾ ವಿಮಾನದಲ್ಲಿ ಬಂದು ಸೆಮಿಫೈನಲ್ ಹೊತ್ತಿಗೆ ತಂಡವನ್ನು ಕೂಡಿಕೊಂಡರು.

ಕೂಟದಲ್ಲಿ ಭಾರತವು ಹಂಗೇರಿಯನ್ನು 4–0, ಅಮೆರಿಕವನ್ನು 7–0, ಜಪಾನನ್ನು 9–0 ಮತ್ತು ಸೆಮಿಫೈನಲ್‌ನಲ್ಲಿ ಫ್ರಾನ್ಸನ್ನು 10–0 ಗೋಲುಗಳಿಂದ ಸೋಲಿಸಿತು. ಅಂತಿಮ ಪಂದ್ಯದ ಎದುರಾಳಿ ಜರ್ಮನಿಯೇ ಆಗಿತ್ತು. ಆಗಸ್ಟ್ 14ರಂದು ನಡೆಯಬೇಕಿದ್ದ ಪಂದ್ಯವನ್ನು ಮಳೆಯ ಕಾರಣ ಮರುದಿನಕ್ಕೆ ಮುಂದೂಡಲಾಯಿತು. ಅಭ್ಯಾಸ ಪಂದ್ಯದ ಸೋಲು ಆಟಗಾರರ ಮನಸ್ಸಿನಲ್ಲಿತ್ತು. ಪಂದ್ಯಕ್ಕೆ ಮುನ್ನ ಸಹಾಯಕ ವ್ಯವಸ್ಥಾಪಕ ಪಂಕಜ್ ಗುಪ್ತಾ ಉಡುಪು ಬದಲಿಸುವ ಕೋಣೆಯಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವನ್ನು ಹೊರತೆಗೆದರು. ಆಟಗಾರರು ಅದಕ್ಕೆ ವಂದಿಸಿ ಮೈದಾನಕ್ಕೆ ಇಳಿದರು. ಭಾರತ ತಂಡವು ಅಧಿಕೃತವಾಗಿ ಬ್ರಿಟಿಷ್ ಆಳ್ವಿಕೆಯ ಧ್ವಜದಡಿ ಭಾಗವಹಿಸಿತ್ತು. ನಾಯಕರು ಬ್ರಿಟಿಷ್ ಭಾರತೀಯ ಸೇನೆಯ ಸೇವೆಯಲ್ಲಿದ್ದವರು. ಆದ್ದರಿಂದ ಈ ವಂದನೆಗೆ ಕ್ರೀಡೆಯನ್ನು ಮೀರಿದ ಅರ್ಥವಿತ್ತು.

ತೇವಗೊಂಡಿದ್ದ ಮೈದಾನದಲ್ಲಿ ಮೊದಲಾರ್ಧ ಮುಗಿದಾಗ ಭಾರತ 1–0ರಿಂದ ಮಾತ್ರ ಮುಂದಿತ್ತು. ದ್ವಿತೀಯಾರ್ಧದಲ್ಲಿ ಧ್ಯಾನ್ ಚಂದ್ ಮುಳ್ಳಿನ ಬೂಟುಗಳನ್ನು ಕಳಚಿ ಬರಿಗಾಲಿನಲ್ಲಿ ಆಡಿದರೆಂದು ಆ ಪಂದ್ಯದ ವಿವರಣೆಗಳು ತಿಳಿಸುತ್ತವೆ. ಭಾರತದ ದಾಳಿ ತೀವ್ರವಾಗಿ, ಪಂದ್ಯ 8–1ರಲ್ಲಿ ಮುಗಿಯಿತು. ಐದು ಪಂದ್ಯಗಳಲ್ಲಿ 38 ಗೋಲು ಗಳಿಸಿದ ಭಾರತಕ್ಕೆ ಎದುರಾಳಿಗಳಿಂದ ಬಿದ್ದದ್ದು ಆ ಒಂದೇ ಗೋಲು. ಅಂತಿಮ ಪಂದ್ಯದಲ್ಲಿ ಧ್ಯಾನ್ ಚಂದ್ ಹೊಡೆದ ಗೋಲುಗಳು ಮೂರು ಎಂದು ಕೆಲವು ಮೂಲಗಳು, ಆರು ಎಂದು ಇನ್ನು ಕೆಲವು ಮೂಲಗಳು ಹೇಳುತ್ತವೆ.

ಯುದ್ಧಕಾಲ ಮತ್ತು ವಿದಾಯ

ಎರಡನೆಯ ಮಹಾಯುದ್ಧದಿಂದಾಗಿ 1940 ಮತ್ತು 1944ರ ಒಲಿಂಪಿಕ್ ಕೂಟಗಳು ನಡೆಯಲಿಲ್ಲ. ಬರ್ಲಿನ್ ಕೂಟದ ವೇಳೆ ಧ್ಯಾನ್ ಚಂದ್ ಅವರಿಗೆ 30 ವರ್ಷ. ಯುದ್ಧ ಮುಗಿದಾಗ ಅವರು ನಲವತ್ತನ್ನು ತಲುಪಿದ್ದರು. ಯುದ್ಧದ ಕೊನೆಯ ಹಂತದಲ್ಲಿ ಅವರು ಸೇನೆಯ ಹಾಕಿ ತಂಡವೊಂದರೊಂದಿಗೆ ಮಣಿಪುರ, ಬರ್ಮಾ ಮತ್ತು ಸಿಲೋನ್‌ಗಳಲ್ಲಿ ಸಂಚರಿಸಿ ಸೈನಿಕರ ಮುಂದೆ ಆಡಿದರು.

1947ರ ದೇಶವಿಭಜನೆ ಅವರ ಹಾಕಿ ಬಳಗವನ್ನೂ ಎರಡಾಗಿಸಿತು. ಲಾಸ್ ಏಂಜಲೀಸ್ ತಂಡದ ನಾಯಕ ಬುಖಾರಿ ಪಾಕಿಸ್ತಾನದ ರಾಜತಾಂತ್ರಿಕರಾದರು. ಬರ್ಲಿನ್‌ನಲ್ಲಿ ಜೊತೆಯಾಗಿ ಆಡಿದ್ದ ದಾರಾ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪಾಕಿಸ್ತಾನ ತಂಡದ ನಾಯಕರಾದರು. ಧ್ಯಾನ್ ಚಂದ್ ಸೇವೆ ಸಲ್ಲಿಸಿದ್ದ 14ನೆಯ ಪಂಜಾಬ್ ರೆಜಿಮೆಂಟ್ ಕೂಡ ಪಾಕಿಸ್ತಾನದ ಪಾಲಿಗೆ ಹೋಯಿತು. ಅವರು ಭಾರತೀಯ ಸೇನೆಯಲ್ಲಿ ಮುಂದುವರಿದರು.

ಅದೇ ವರ್ಷ ಪೂರ್ವ ಆಫ್ರಿಕಾದ ಏಷ್ಯನ್ ಕ್ರೀಡಾ ಸಂಸ್ಥೆಯೊಂದು ಭಾರತ ತಂಡವನ್ನು ಆಹ್ವಾನಿಸಿ, ಧ್ಯಾನ್ ಚಂದ್ ತಂಡದಲ್ಲಿರಲೇಬೇಕೆಂಬ ಷರತ್ತನ್ನು ವಿಧಿಸಿತು. ನಲವತ್ತೆರಡರ ವಯಸ್ಸಿನಲ್ಲಿ ಅವರು ಈ ಪ್ರವಾಸದ ನಾಯಕತ್ವ ವಹಿಸಿ 22 ಪಂದ್ಯಗಳಲ್ಲಿ 61 ಗೋಲು ಹೊಡೆದರು. ಹಿಂದಿರುಗಿದ ನಂತರ ಕಿರಿಯರಿಗೆ ಸ್ಥಾನ ಬಿಟ್ಟುಕೊಟ್ಟು ಪ್ರಮುಖ ಪಂದ್ಯಗಳಿಂದ ದೂರ ಸರಿದರು. 1948ರ ಒಲಿಂಪಿಕ್ ತಂಡದ ವಿರುದ್ಧ ನಡೆದ ಪ್ರದರ್ಶನ ಪಂದ್ಯವೊಂದರಲ್ಲಿ ಅವರ ತಂಡ 1–2ರಿಂದ ಸೋತಿತು. ಸೋತ ತಂಡದ ಆ ಒಂದು ಗೋಲು ಅವರದೇ ಆಗಿತ್ತು. ಅವರ ಕೊನೆಯ ಪ್ರಮುಖ ಪಂದ್ಯ ಬಂಗಾಳ ತಂಡದ ವಿರುದ್ಧ ನಡೆದು ಸಮನಾಗಿ ಮುಗಿಯಿತು. ಬಳಿಕ ಬಂಗಾಳದ ಹಾಕಿ ಸಂಸ್ಥೆ ಅವರನ್ನು ಸಾರ್ವಜನಿಕವಾಗಿ ಸನ್ಮಾನಿಸಿತು.

ಆಟದ ಶೈಲಿ

ಧ್ಯಾನ್ ಚಂದ್ ಅವರ ಕಾಲದ ಹಾಕಿಯಲ್ಲಿ ಐವರು ಫಾರ್ವರ್ಡ್ ಆಟಗಾರರು ಒಂದು ಸಾಲಿನಲ್ಲಿ ದಾಳಿ ನಡೆಸುತ್ತಿದ್ದರು. ಆ ಸಾಲಿನ ನಡುವೆ ಇರುವವನು ಸೆಂಟರ್ ಫಾರ್ವರ್ಡ್. ಗೋಲು ಹೊಡೆಯುವುದರ ಜೊತೆಗೆ ಎಡಬಲಗಳಿಗೆ ಚೆಂಡನ್ನು ಹಂಚುವ ಕೆಲಸವೂ ಅವನದೇ. ಧ್ಯಾನ್ ಚಂದ್ ಎರಡನ್ನೂ ಸಮಾನವಾಗಿ ನಿರ್ವಹಿಸಿದರು. ಚೆಂಡನ್ನು ಕೋಲಿನ ತುದಿಗೆ ಹತ್ತಿರವಾಗಿಟ್ಟುಕೊಂಡು ಎದುರಾಳಿಗಳ ನಡುವೆ ನುಸುಳುವುದರಲ್ಲಿ ಅವರಿಗೆ ಪ್ರಸಿದ್ಧಿ ಇತ್ತು. ಆದರೆ ಚೆಂಡನ್ನು ಬಹಳ ಹೊತ್ತು ತಮ್ಮಲ್ಲೇ ಉಳಿಸಿಕೊಳ್ಳುವುದು ಅವರ ರೀತಿಯಾಗಿರಲಿಲ್ಲ. ಜೊತೆಗಾರ ಮುಂದೆ ಎಲ್ಲಿರುತ್ತಾನೆಂದು ಊಹಿಸಿ ಆ ಜಾಗಕ್ಕೆ ಪಾಸ್ ಕಳುಹಿಸುವುದು ಅವರ ವಿಶೇಷ ಸಾಮರ್ಥ್ಯವಾಗಿತ್ತು. ರೂಪ್ ಸಿಂಗ್ ಇನ್‌ಸೈಡ್ ಲೆಫ್ಟ್ ಸ್ಥಾನದಲ್ಲಿ ಆಡುತ್ತಿದ್ದುದರಿಂದ ಸಹೋದರರ ನಡುವಿನ ಹೊಂದಾಣಿಕೆ ಎದುರಾಳಿಗಳಿಗೆ ದೊಡ್ಡ ಸವಾಲಾಗಿತ್ತು.

ಅವರು ಒಲಿಂಪಿಕ್ ಕೂಟಗಳಲ್ಲಿ ಒಟ್ಟು 12 ಪಂದ್ಯಗಳನ್ನು ಆಡಿದರು. ಭಾರತ ಅವೆಲ್ಲವನ್ನೂ ಗೆದ್ದಿತು. ಪ್ರವಾಸ ಪಂದ್ಯಗಳೂ ಸೇರಿದಂತೆ 185 ಪಂದ್ಯಗಳಲ್ಲಿ 570 ಗೋಲು ಎಂಬುದು ಅವರ ಆತ್ಮಕಥೆಯನ್ನು ಆಧರಿಸಿ ಸಾಮಾನ್ಯವಾಗಿ ಉಲ್ಲೇಖವಾಗುವ ಲೆಕ್ಕ.

ದಂತಕಥೆಗಳು

ಧ್ಯಾನ್ ಚಂದ್ ಅವರ ಸುತ್ತ ಅನೇಕ ಕಥೆಗಳು ಬೆಳೆದಿವೆ. ಅವರ ಕೋಲಿನಲ್ಲಿ ಅಯಸ್ಕಾಂತವಿದೆ ಎಂಬ ಅನುಮಾನದಿಂದ ಅದನ್ನು ಮುರಿದು ನೋಡಲಾಯಿತು, ವಿಯೆನ್ನಾದಲ್ಲಿ ನಾಲ್ಕು ಕೈ ಮತ್ತು ನಾಲ್ಕು ಕೋಲುಗಳುಳ್ಳ ಅವರ ಪ್ರತಿಮೆಯನ್ನು ನಿಲ್ಲಿಸಲಾಗಿದೆ, ಬರ್ಲಿನ್ ಪಂದ್ಯದ ನಂತರ ಹಿಟ್ಲರ್ ಅವರಿಗೆ ಜರ್ಮನ್ ಸೇನೆಯಲ್ಲಿ ಉನ್ನತ ಹುದ್ದೆ ನೀಡಲು ಮುಂದಾದ ಎಂಬಿವು ಅವುಗಳಲ್ಲಿ ಹೆಚ್ಚು ಪ್ರಚಲಿತವಾದವು. ಇವು ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆಯಾದರೂ ಇವಕ್ಕೆ ಖಚಿತವಾದ ಸಮಕಾಲೀನ ದಾಖಲೆಗಳ ಬೆಂಬಲವಿಲ್ಲ. ಪಂದ್ಯಗಳ ಚಲನಚಿತ್ರ ದಾಖಲೆ ವಿರಳವಾಗಿದ್ದ ಕಾಲದಲ್ಲಿ ಅವರ ಆಟವನ್ನು ನೋಡದವರಿಗೆ ಅದರ ಬೆರಗನ್ನು ತಲುಪಿಸಿದ್ದು ಇಂಥ ಕಥೆಗಳೇ. ಆದರೆ ಅವರ ಹಿರಿಮೆಯನ್ನು ಸ್ಥಾಪಿಸಲು ದಾಖಲಾದ ಫಲಿತಾಂಶಗಳೇ ಸಾಕು.

ನಿವೃತ್ತಿ ಮತ್ತು ಕೊನೆಯ ದಿನಗಳು

ಧ್ಯಾನ್ ಚಂದ್ ಅವರ ಆತ್ಮಕಥೆ 'ಗೋಲ್' 1952ರಲ್ಲಿ ಮದರಾಸಿನಿಂದ ಪ್ರಕಟವಾಯಿತು. ತಾವೊಬ್ಬ ಸಾಮಾನ್ಯ ಮನುಷ್ಯ ಎಂಬ ಭಾವ ಆ ಪುಸ್ತಕದುದ್ದಕ್ಕೂ ಇದೆ. 1956ರಲ್ಲಿ ಅವರು ಮೇಜರ್ ಹುದ್ದೆಯಲ್ಲಿ ಸೇನೆಯಿಂದ ನಿವೃತ್ತರಾದರು. ಅದೇ ವರ್ಷ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿತು. ನಂತರ ರಾಜಸ್ಥಾನದ ಮೌಂಟ್ ಅಬುವಿನ ಶಿಬಿರಗಳಲ್ಲಿ ತರಬೇತಿ ನೀಡಿದರು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಹಲವು ವರ್ಷ ಮುಖ್ಯ ಹಾಕಿ ತರಬೇತುದಾರರಾಗಿದ್ದರು.

ಅವರ ಪತ್ನಿ ಜಾನಕಿ ದೇವಿ. ಮಗ ಅಶೋಕ್ ಕುಮಾರ್ ಕೂಡ ಭಾರತ ತಂಡದ ಫಾರ್ವರ್ಡ್ ಆಟಗಾರರಾದರು. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ನಡೆದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಭಾರತ ಪಾಕಿಸ್ತಾನವನ್ನು 2–1ರಿಂದ ಸೋಲಿಸಿದಾಗ ಗೆಲುವಿನ ಗೋಲು ಅಶೋಕ್ ಕುಮಾರ್ ಅವರದಾಗಿತ್ತು. ಕೊಡಗಿನ ಬಿ. ಪಿ. ಗೋವಿಂದ ಅವರೂ ಆ ತಂಡದಲ್ಲಿದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಲಾಯಿತು. ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. 1928ರಿಂದ ಪ್ರತಿ ಒಲಿಂಪಿಕ್ ಕೂಟದಲ್ಲಿಯೂ ಹಾಕಿ ಪದಕ ಪಡೆದಿದ್ದ ದೇಶ ಬರಿಗೈಯಲ್ಲಿ ಮರಳಿದ್ದು ಅದೇ ಮೊದಲು. ಹುಲ್ಲಿನ ಮೈದಾನದ ಕೈಚಳಕಕ್ಕಿಂತ ವೇಗಕ್ಕೂ ದೈಹಿಕ ಬಲಕ್ಕೂ ಹೆಚ್ಚು ಬೆಲೆ ಬಂದ ಈ ಬದಲಾವಣೆಯನ್ನು ಧ್ಯಾನ್ ಚಂದ್ ತಮ್ಮ ಕೊನೆಯ ವರ್ಷಗಳಲ್ಲಿ ಕಂಡರು. ರೂಪ್ ಸಿಂಗ್ 1977ರಲ್ಲಿ ನಿಧನರಾದರು.

ನಿವೃತ್ತಿಯ ನಂತರ ಝಾನ್ಸಿಯಲ್ಲಿದ್ದ ಧ್ಯಾನ್ ಚಂದ್ ಅವರ ಜೀವನ ಸರಳವಾಗಿತ್ತು. ಕೊನೆಯ ದಿನಗಳಲ್ಲಿ ಅವರು ಯಕೃತ್ತಿನ ಕ್ಯಾನ್ಸರಿನಿಂದ ಬಳಲಿದರು. 1979ರ ಡಿಸೆಂಬರ್ 3ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ನಿಧನರಾದರು. ಅವರ ಅಂತ್ಯಕ್ರಿಯೆಯನ್ನು ಝಾನ್ಸಿ ಹೀರೋಸ್ ಮೈದಾನದಲ್ಲಿ ಸೇನಾ ಗೌರವಗಳೊಂದಿಗೆ ನೆರವೇರಿಸಲಾಯಿತು. ಎಂಟು ತಿಂಗಳ ನಂತರ ಮಾಸ್ಕೋದಲ್ಲಿ ಭಾರತ ತನ್ನ ಎಂಟನೆಯ ಒಲಿಂಪಿಕ್ ಹಾಕಿ ಚಿನ್ನವನ್ನು ಗೆದ್ದಿತು. ಅವುಗಳಲ್ಲಿ ಮೊದಲ ಮೂರು ಧ್ಯಾನ್ ಚಂದ್ ಆಡಿದ ತಂಡಗಳವು.

ಗೌರವಗಳು ಮತ್ತು ಸ್ಮರಣೆ

ಭಾರತೀಯ ಅಂಚೆ ಇಲಾಖೆ 1980ರಲ್ಲಿ ಅವರ ನೆನಪಿಗಾಗಿ ಅಂಚೆಚೀಟಿ ಹೊರತಂದಿತು. 2002ರಲ್ಲಿ ನವದೆಹಲಿಯ ರಾಷ್ಟ್ರೀಯ ಕ್ರೀಡಾಂಗಣಕ್ಕೆ ಅವರ ಹೆಸರನ್ನು ಇಡಲಾಯಿತು. ಅದೇ ವರ್ಷ ಕ್ರೀಡಾಪಟುಗಳ ಜೀವಮಾನದ ಸಾಧನೆಗಾಗಿ ಧ್ಯಾನ್ ಚಂದ್ ಪ್ರಶಸ್ತಿ ಆರಂಭವಾಯಿತು. ದೇಶದ ಅತ್ಯುನ್ನತ ಕ್ರೀಡಾ ಗೌರವವಾದ ಖೇಲ್ ರತ್ನ ಪ್ರಶಸ್ತಿಗೆ 2021ರ ಆಗಸ್ಟ್‌ನಲ್ಲಿ ಮೇಜರ್ ಧ್ಯಾನ್ ಚಂದ್ ಖೇಲ್ ರತ್ನ ಎಂದು ಮರುನಾಮಕರಣ ಮಾಡಲಾಯಿತು. ಅವರಿಗೆ ಭಾರತ ರತ್ನ ನೀಡಬೇಕೆಂಬ ಬೇಡಿಕೆ ಹಲವು ಬಾರಿ ಕೇಳಿಬಂದಿದೆ.

ಕಿರಿಯ ಆಟಗಾರರ ಹಾಕಿಯೊಂದಿಗೂ ಅವರ ಹೆಸರು ಬೆಸೆದುಕೊಂಡಿದೆ. 21 ವರ್ಷದೊಳಗಿನವರಿಗಾಗಿ ನಡೆಯುವ ಪುರುಷರ ಜೂನಿಯರ್ ವಿಶ್ವಕಪ್ ಆರಂಭವಾದದ್ದು ಅವರು ತೀರಿಕೊಂಡ 1979ರಲ್ಲಿ, ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ. ಭಾರತ ಈ ಪಂದ್ಯಾವಳಿಯನ್ನು ಮೊದಲ ಬಾರಿಗೆ 2001ರಲ್ಲಿ ಆಸ್ಟ್ರೇಲಿಯಾದ ಹೋಬರ್ಟ್‌ನಲ್ಲಿ ಗೆದ್ದಿತು. 2013ರ ಜೂನಿಯರ್ ವಿಶ್ವಕಪ್ ನವದೆಹಲಿಯ ಧ್ಯಾನ್ ಚಂದ್ ಕ್ರೀಡಾಂಗಣದಲ್ಲಿ ನಡೆದು ಜರ್ಮನಿ ಪ್ರಶಸ್ತಿ ಪಡೆಯಿತು. 2016ರ ಪಂದ್ಯಾವಳಿ ಲಖನೌದಲ್ಲಿ, ಅವರದೇ ಹೆಸರಿನ ಮತ್ತೊಂದು ಕ್ರೀಡಾಂಗಣದಲ್ಲಿ ನಡೆಯಿತು. ಡಿಸೆಂಬರ್ 18ರ ಅಂತಿಮ ಪಂದ್ಯದಲ್ಲಿ ಭಾರತದ ಕಿರಿಯರು ಬೆಲ್ಜಿಯಂ ತಂಡವನ್ನು 2–1ರಿಂದ ಸೋಲಿಸಿ, ತವರಿನ ಮೈದಾನದಲ್ಲಿ ಮೊದಲ ಬಾರಿಗೆ ಈ ಪ್ರಶಸ್ತಿಯನ್ನು ತಮ್ಮದಾಗಿಸಿಕೊಂಡರು.